ಮಾಸ್ಕ್ ಹಿಂದೆ ಯಾರಿದ್ದಾರೆ? ‘ಬ್ಯಾಟಲ್ ಆಫ್ ಬ್ರಿಟನ್’ ಸಿನಿಮಾದ ನಟರನ್ನ ಗುರುತಿಸೋದು ಹೇಗೆ

ನಮಸ್ಕಾರ. 1940ರಲ್ಲಿ ಬ್ರಿಟನ್ ಆಕಾಶದಲ್ಲಿ ಬ್ರಿಟಿಷ್, ಜರ್ಮನ್ ವಾಯುಪಡೆಗಳ ನಡುವೆ ನಡೆದ ಯುದ್ಧದ ಕಥೆ 1969ರ ‘ಬ್ಯಾಟಲ್ ಆಫ್ ಬ್ರಿಟನ್’ ಸಿನಿಮಾ. ಅದನ್ನ ಮೊದಲ ಸಲ ನೋಡೋರು ಅರ್ಧ ದಾರಿಗೆ ಬರೋ ಹೊತ್ತಿಗೆ ಪಕ್ಕದವರನ್ನ ಕೇಳೋ ಪ್ರಶ್ನೆ ಒಂದೇ: ಈಗ ಬಿದ್ದಿದ್ದು ಯಾರ ವಿಮಾನ? ಪೋಸ್ಟರ್ ತುಂಬ ದೊಡ್ಡ ಹೆಸರುಗಳು. ಲಾರೆನ್ಸ್ ಒಲಿವಿಯರ್, ಟ್ರೆವರ್ ಹೊವರ್ಡ್, ಮೈಕಲ್ ಕೇನ್, ಕ್ರಿಸ್ಟಫರ್ ಪ್ಲಮ್ಮರ್, ರಾಬರ್ಟ್ ಶಾ, ಸುಸಾನಾ ಯಾರ್ಕ್. ಆದ್ರೆ ವಿಮಾನ ಮೇಲೇರಿದ ಕೂಡಲೇ ಪೈಲಟ್‌ಗಳ ಮುಖವೆಲ್ಲ ಮಾಯ. ತಲೆಗೆ ಚರ್ಮದ ಟೋಪಿ, ಜೊತೆಗೆ ಗಾಗಲ್ಸ್, ಮೂಗು ಬಾಯಿ ಮುಚ್ಚೋ ಆಮ್ಲಜನಕದ ಮಾಸ್ಕ್. ಉಳಿಯೋದು ಎರಡು ಕಣ್ಣು.

ಮಾಸ್ಕ್ ತೆಗೆಸಿಬಿಡಬಹುದಿತ್ತಲ್ಲ ಅಂತ ಅನಿಸುತ್ತೆ. ಎಷ್ಟೋ ಯುದ್ಧದ ಸಿನಿಮಾಗಳಲ್ಲಿ ಹಾಗೇ ಮಾಡ್ತಾರೆ. ಆದ್ರೆ 1940ರಲ್ಲಿ ರೇಡಿಯೋದ ಮೈಕ್ ಇದ್ದಿದ್ದೇ ಆ ಮಾಸ್ಕ್ ಒಳಗೆ. ಅದನ್ನ ಇಳಿಬಿಟ್ಟುಕೊಂಡು ಮಾತಾಡಿದ್ರೆ ಕೆಳಗಿನವರಿಗೆ ಇಂಜಿನ್ ಸದ್ದೇ ಜಾಸ್ತಿ ಕೇಳ್ತಿತ್ತು. ನಿರ್ದೇಶಕ ಗೈ ಹ್ಯಾಮಿಲ್ಟನ್ ಬಹುತೇಕ ಕಡೆ ಮಾಸ್ಕ್ ಉಳಿಸಿಕೊಂಡ್ರು. ಅದಕ್ಕೆ ತೆತ್ತ ಬೆಲೆ ದೊಡ್ಡದು, ಆದರೂ ಅದು ಸರಿಯಾದ ತೀರ್ಮಾನ.

ಇಷ್ಟು ಸ್ಟಾರ್‌ಗಳು ಯಾಕೆ ಬೇಕಾಯ್ತು ಅನ್ನೋದಕ್ಕೂ ಉತ್ತರ ಇಲ್ಲೇ ಇದೆ. ಸಿನಿಮಾ ಎರಡು ಗಂಟೆ ಹತ್ತು ನಿಮಿಷ ದಾಟುತ್ತೆ. ಆದ್ರೂ ಒಬ್ಬೊಬ್ಬ ಪೈಲಟ್‌ಗೆ ನೆಲದ ಮೇಲೆ ಸಿಗೋದು ಕೆಲವೇ ನಿಮಿಷ. ಅಷ್ಟರಲ್ಲಿ ಹೊಸ ಮುಖ ಮನಸ್ಸಲ್ಲಿ ನಿಲ್ಲಲ್ಲ. ಮೊದಲೇ ಪರಿಚಯ ಇರೋ ಮುಖ ನಿಲ್ಲುತ್ತೆ. ಇಲ್ಲಿ ನಟರ ಖ್ಯಾತಿ ಹೆಸರಿನ ಚೀಟಿ ಥರ ಕೆಲಸ ಮಾಡುತ್ತೆ.

ಈಗ ಮೊದಲ ಉಪಾಯ. ನೆಲದ ಮೇಲಿನ ದೃಶ್ಯಗಳಲ್ಲಿ ಮುಖಕ್ಕಿಂತ ಮುಂಚೆ ಕೋಟಿನ ತೋಳಿನ ತುದಿ ನೋಡಿ. ಒಂದು ಅಗಲವಾದ ಪಟ್ಟಿ, ಅದರ ಮೇಲೆ ಮೂರು ಸಣ್ಣ ಪಟ್ಟಿ ಇದ್ರೆ ಏರ್ ಚೀಫ್ ಮಾರ್ಷಲ್. ಅದು ಒಲಿವಿಯರ್ ಮಾಡಿರೋ, ಬ್ರಿಟನ್‌ನ ಫೈಟರ್ ವಿಮಾನಪಡೆಯ ಮುಖ್ಯಸ್ಥ ಹ್ಯೂ ಡೌಡಿಂಗ್ ಪಾತ್ರ ಒಂದೇ. ಅಗಲ ಪಟ್ಟಿ ಮೇಲೆ ಒಂದೇ ಒಂದು ಸಣ್ಣ ಪಟ್ಟಿ ಇದ್ರೆ ಏರ್ ವೈಸ್ ಮಾರ್ಷಲ್. ಕೀತ್ ಪಾರ್ಕ್ ಆಗಿ ಟ್ರೆವರ್ ಹೊವರ್ಡ್, ಲೀ-ಮ್ಯಾಲರಿ ಆಗಿ ಪ್ಯಾಟ್ರಿಕ್ ವೈಮಾರ್ಕ್, ಎವಿಲ್ ಆಗಿ ಮೈಕಲ್ ರೆಡ್‌ಗ್ರೇವ್. ನಾಲ್ಕು ಸಮನಾದ ಪಟ್ಟಿ ಅಂದ್ರೆ ಗ್ರೂಪ್ ಕ್ಯಾಪ್ಟನ್, ವಾಯುನೆಲೆಯ ಮುಖ್ಯಸ್ಥ ಬಾರ್ಕರ್ ಪಾತ್ರದ ಕೆನೆತ್ ಮೋರ್. ಎರಡು ಪಟ್ಟಿ, ಮಧ್ಯೆ ಒಂದು ತೆಳು ಗೆರೆ ಇದ್ರೆ ಸ್ಕ್ವಾಡ್ರನ್ ಲೀಡರ್: ಕೇನ್, ಪ್ಲಮ್ಮರ್, ಶಾ. ತೋಳಿನ ಮೇಲ್ಭಾಗದಲ್ಲಿ ವಿ ಆಕಾರದ ಮೂರು ಪಟ್ಟಿ ಇದ್ರೆ ಸಾರ್ಜೆಂಟ್, ಅದು ಇಯಾನ್ ಮ್ಯಾಕ್‌ಶೇನ್ ಮಾಡಿರೋ ಆಂಡಿ.

ಇದರ ಜೊತೆ ಇನ್ನೊಂದು ನೆನಪಿಟ್ಟುಕೊಳ್ಳಿ. ಡೌಡಿಂಗ್, ಪಾರ್ಕ್, ಲೀ-ಮ್ಯಾಲರಿ, ಜರ್ಮನಿ ಕಡೆ ವಾಯುಪಡೆಯ ಮುಖ್ಯಸ್ಥ ಗೋರಿಂಗ್, ಅವನ ಕೆಳಗಿನ ಕೆಸೆಲ್‌ರಿಂಗ್, ಮಿಲ್ಶ್ ಇವರೆಲ್ಲ ಇತಿಹಾಸದ ನಿಜ ವ್ಯಕ್ತಿಗಳು. ಪೈಲಟ್‌ಗಳೆಲ್ಲ ಕಲ್ಪಿತ ಪಾತ್ರಗಳು. ಹಾಗಾಗಿ ಕೇನ್ ಮಾಡಿರೋ ಕ್ಯಾನ್‌ಫೀಲ್ಡ್ ಯಾರು, ಪ್ಲಮ್ಮರ್ ಮಾಡಿರೋ ಹಾರ್ವೆ ಯಾರು ಅಂತ ಇತಿಹಾಸದ ಪುಸ್ತಕದಲ್ಲಿ ಹುಡುಕಿದ್ರೆ ಸಿಗಲ್ಲ.

ಮೇಲಿನ ಅಧಿಕಾರಿಗಳಲ್ಲಿ ಒಲಿವಿಯರ್ ಅವರನ್ನ ನಿಧಾನಕ್ಕೆ ನೋಡಬೇಕು. ರಂಗಭೂಮಿಯಲ್ಲಿ ದನಿ ಎತ್ತಿ ಸಭಾಂಗಣ ಅಲ್ಲಾಡಿಸೋ ನಟ, ಇಲ್ಲಿ ದನಿ ಎತ್ತೋದೇ ಇಲ್ಲ. 1940ರಲ್ಲಿ ಡೌಡಿಂಗ್‌ಗೆ 58 ವರ್ಷ, 1968ರ ಚಿತ್ರೀಕರಣದಲ್ಲಿ ಒಲಿವಿಯರ್‌ಗೆ 61. ವಯಸ್ಸು ಸರಿಯಾಗಿ ಕೂತಿದೆ, ಬಿಗಿದ ಮುಖವೂ ಕೂತಿದೆ. ಅವರ ಕೋಣೆಯಲ್ಲಿ ಆಗ್ನೇಯ ಇಂಗ್ಲೆಂಡ್ ಕಾಯೋ ಪಾರ್ಕ್ ಮತ್ತು ಅದರ ಉತ್ತರದ ಭಾಗ ಕಾಯೋ ಲೀ-ಮ್ಯಾಲರಿ ಜಗಳ ಆಡೋ ದೃಶ್ಯ ಇಡೀ ಸಿನಿಮಾದ ಕೀಲಿ. ಹಲವು ಸ್ಕ್ವಾಡ್ರನ್ (ಅಂದ್ರೆ ವಿಮಾನಗಳ ತಂಡ) ಒಟ್ಟುಗೂಡಿಸಿ ದೊಡ್ಡ ಗುಂಪಾಗಿ ಹೊಡೀಬೇಕು, ಬಾಂಬ್ ಬಿದ್ದ ಮೇಲಾದರೂ ಚಿಂತೆ ಇಲ್ಲ ಅನ್ನೋದು ಲೀ-ಮ್ಯಾಲರಿ ವಾದ. ಅಷ್ಟು ವಿಮಾನ ಗಾಳಿಯಲ್ಲಿ ಒಂದಾಗೋ ಹೊತ್ತಿಗೆ ಹಾಳಾಗೋದು ನನ್ನ ನೆಲೆಗಳು ಅನ್ನೋದು ಪಾರ್ಕ್ ಉತ್ತರ. ಹೊವರ್ಡ್ ಅವರ ದಣಿದ ಕಣ್ಣು, ವೈಮಾರ್ಕ್ ಅವರ ಅಲ್ಲಾಡದ ನಿಲುವು, ಇಬ್ಬರ ಮಧ್ಯೆ ಒಲಿವಿಯರ್ ಮೌನ. ಕೊನೆಗೆ ಡೌಡಿಂಗ್, ದೊಡ್ಡ ಗುಂಪೂ ಬೇಡ ಸಣ್ಣ ಗುಂಪೂ ಬೇಡ, ಬೇಕಿರೋದು ಪೈಲಟ್‌ಗಳು ಅನ್ನೋ ಅರ್ಥದ ಮಾತಾಡಿ ಇಬ್ಬರನ್ನೂ ಕಳಿಸಿಬಿಡ್ತಾರೆ. ಇದಾದ ಮೇಲೆ ಆಕಾಶದಲ್ಲಿ ಬೀಳೋ ಪ್ರತಿ ವಿಮಾನವೂ ಲೆಕ್ಕದಲ್ಲಿ ಒಬ್ಬ ಪೈಲಟ್ ಕಮ್ಮಿ ಅಂತಲೇ ಕಾಣುತ್ತೆ.

ಸ್ವಿಟ್ಜರ್ಲೆಂಡ್‌ನ ದೃಶ್ಯ ಚಿಕ್ಕದು. ಬ್ರಿಟಿಷ್ ರಾಯಭಾರಿ ಆಗಿ ರಾಲ್ಫ್ ರಿಚರ್ಡ್‌ಸನ್, ಜರ್ಮನಿಯ ಬ್ಯಾರನ್ ಆಗಿ ಕುರ್ಟ್ ಯೂರ್ಗನ್ಸ್. ನೀವು ಗೆಲ್ಲಲ್ಲ, ಸಂಧಿ ಮಾಡಿಕೊಳ್ಳಿ ಅನ್ನೋ ಬ್ಯಾರನ್ ಎದುರು ಸಿಟ್ಟಿನಿಂದ ಗುಡುಗೋ ರಿಚರ್ಡ್‌ಸನ್, ಅವನು ಹೋದ ಕೂಡಲೇ ಕುಸಿದು, ಅವನು ಹೇಳಿದ್ದೇ ನಿಜ ಅಂತ ಒಪ್ಪಿಕೊಳ್ತಾರೆ. ಒಲಿವಿಯರ್, ರಿಚರ್ಡ್‌ಸನ್ ಇಬ್ಬರೂ ಯುದ್ಧಕಾಲದಲ್ಲಿ ನೌಕಾಪಡೆಯ ವಾಯುದಳದಲ್ಲಿ ಕೆಲಸ ಮಾಡಿದವರು. ಸಮವಸ್ತ್ರ, ಸೆಲ್ಯೂಟು ಅವರಿಗೆ ಹೊಸದಲ್ಲ.

ಈಗ ಮೂವರು ಸ್ಕ್ವಾಡ್ರನ್ ಲೀಡರ್‌ಗಳು. ಎಲ್ಲರೂ ಗೊಂದಲ ಮಾಡಿಕೊಳ್ಳೋದು ಇಲ್ಲೇ. ಮೂವರ ಪದವಿ ಒಂದೇ, ಟೋಪಿ ಮಾಸ್ಕ್ ಒಂದೇ. ವಿಮಾನದ ಮೇಲಿನ ಅಕ್ಷರ ನೋಡಿ ಗುರುತು ಹಿಡೀತೀವಿ ಅಂದ್ರೆ ಆಗಲ್ಲ. ಬ್ರಿಟನ್‌ನ ಫೈಟರ್ ವಿಮಾನಗಳಲ್ಲಿ ಹಾರೋ ಸ್ಥಿತಿಯಲ್ಲಿದ್ದ ಸ್ಪಿಟ್‌ಫೈರ್ ಹನ್ನೆರಡು, ಹರಿಕೇನ್ ಮೂರೇ ಮೂರು. ಅವಕ್ಕೇ ಮತ್ತೆ ಮತ್ತೆ ಅಕ್ಷರ ಬದಲಾಯಿಸಿ ಬಳಿದು ಬೇರೆ ಬೇರೆ ಸ್ಕ್ವಾಡ್ರನ್ ಅಂತ ತೋರಿಸಿದ್ದಾರೆ. ಹಾಗಾಗಿ ಕಿವಿ ನಂಬಿ. ರಾಬರ್ಟ್ ಶಾ ದನಿ ಒರಟು, ಮಾತು ಕತ್ತರಿಸಿದ ಹಾಗೆ. ಮೈಕಲ್ ಕೇನ್ ದನಿ ಹಗುರ. ಪ್ಲಮ್ಮರ್ ಉಚ್ಚಾರಣೆ ಬೇರೆ, ನಿಜದಲ್ಲೂ ಪಾತ್ರದಲ್ಲೂ ಅವರು ಕೆನಡಾದವರು. ಭುಜದ ಮೇಲೆ ‘ಕೆನಡಾ’ ಅಂತ ಬರೆದಿರೋದನ್ನೂ ಗಮನಿಸಿ.

ಶಾ ಪಾತ್ರಕ್ಕೆ ಹೆಸರೇ ಇಲ್ಲ, ಎಲ್ಲರೂ ‘ಸ್ಕಿಪರ್’ ಅಂತಾರೆ. ಸ್ಪಿಟ್‌ಫೈರ್‌ನಲ್ಲಿ ಕೆಲವೇ ಗಂಟೆ ಹಾರಿರೋ ಸೈಮನ್ ಅನ್ನೋ ಹುಡುಗ ಬರ್ತಾನೆ. ಅವನನ್ನ ಸ್ಕಿಪರ್ ಮೇಲೆ ಕರ್ಕೊಂಡು ಹೋಗಿ, ತಾನೇ ಶತ್ರು ಥರ ಬೆನ್ನ ಹಿಂದೆ ಬಿದ್ದು, ಗುಂಡು ಹಾರೋ ಸದ್ದನ್ನ ಬಾಯಲ್ಲೇ ಮಾಡ್ತಾರೆ: ಟಕಟಕಟಕಟಕ! ನೀನು ಸತ್ತೆ ಅಂತ ಅರ್ಥ. ಯುದ್ಧ ನಡೆಯೋ ಜಾಗದಲ್ಲಿ ಮೂವತ್ತು ಸೆಕೆಂಡಿಗಿಂತ ಹೆಚ್ಚು ನೇರಕ್ಕೆ ಹಾರಬಾರದು ಅನ್ನೋದು ದಕ್ಷಿಣ ಆಫ್ರಿಕಾದ ಪೈಲಟ್ ‘ಸೇಲರ್’ ಮ್ಯಾಲನ್ ಬರೆದ ಹತ್ತು ನಿಯಮಗಳಲ್ಲಿ ಒಂದು. ಸ್ಕಿಪರ್ ಪಾತ್ರ ನೋಡಿದ್ರೆ ಮ್ಯಾಲನ್ ನೆನಪಾಗದೇ ಇರಲ್ಲ. ಬೆನ್ನ ಹಿಂದೆ ಬಂದವನು ಕಾಣಿಸೋದೇ ಇಲ್ಲ ಅನ್ನೋದನ್ನ ಆ ಒಂದು ಟಕಟಕ ಸದ್ದು ಕಲಿಸುತ್ತೆ.

ಮೈಕಲ್ ಕೇನ್ ಮಾಡಿರೋ ಕ್ಯಾನ್‌ಫೀಲ್ಡ್ ವಿಷಯ ಮೊದಲೇ ಹೇಳಿಬಿಡ್ತೀವಿ, ತಿಳಿದೇ ನೋಡೋದು ಒಳ್ಳೇದು. ಅವನ ಸಾವಿಗೆ ಮುನ್ಸೂಚನೆ ಇಲ್ಲ, ಕೊನೇ ಮಾತಿಲ್ಲ. ಆಕಾಶದ ಕಾದಾಟದ ನಡುವೆ ವಿಮಾನ ಸಿಡಿಯುತ್ತೆ, ಸಿನಿಮಾ ಮುಂದೆ ಹೋಗುತ್ತೆ. ಬಹಳ ಜನ ಆ ಕ್ಷಣ ತಪ್ಪಿಸಿಕೊಂಡು, ಕೇನ್ ಮತ್ತೆ ಯಾವಾಗ ಬರ್ತಾನೆ ಅಂತ ಕೊನೆವರೆಗೂ ಕಾಯ್ತಾರೆ. ಅವನ ಕಪ್ಪು ಲ್ಯಾಬ್ರಡಾರ್ ನಾಯಿಯೂ ಕಾಯುತ್ತೆ. ಅಷ್ಟು ದೊಡ್ಡ ನಟನನ್ನ ಹೀಗೆ ಅರ್ಧಕ್ಕೇ ಕೈಬಿಡೋಕೆ ಧೈರ್ಯ ಬೇಕು. 1940ರ ಸ್ಕ್ವಾಡ್ರನ್‌ಗಳಲ್ಲಿ ಬೆಳಗ್ಗೆ ತಿಂಡಿಗೆ ಇದ್ದವನು ಮಧ್ಯಾಹ್ನ ಊಟಕ್ಕೆ ಇರ್ತಿರಲಿಲ್ಲ, ಅದು ಹೀಗೇ ತಟ್ಟಬೇಕು.

ಪ್ಲಮ್ಮರ್ ಮಾಡಿರೋ ಕಾಲಿನ್ ಹಾರ್ವೆ, ಸುಸಾನಾ ಯಾರ್ಕ್ ಮಾಡಿರೋ ಹೆಂಡತಿ ಮ್ಯಾಗಿ. ಮ್ಯಾಗಿ ಮಹಿಳಾ ಸಹಾಯಕ ವಾಯುಪಡೆಯ ಅಧಿಕಾರಿ. ಇವರಿಬ್ಬರ ಕೋಣೆಯೊಳಗಿನ ಜಗಳ ಸಿನಿಮಾದ ದುರ್ಬಲ ಭಾಗ. ಆದ್ರೆ ಯಾರ್ಕ್ ಒಬ್ಬರೇ ಇರೋ ದೃಶ್ಯಗಳು ಹಾಗಲ್ಲ. ನೆಲೆ ಮೇಲೆ ಬಾಂಬ್ ಬಿದ್ದ ಮೇಲೆ ಸತ್ತ ಹುಡುಗಿಯರ ಸಾಲಿನ ಹತ್ತಿರ ನಿಂತು ಮ್ಯಾಗಿ ಸಿಗರೇಟ್ ಹಚ್ಚೋಕೆ ಹೋಗ್ತಾಳೆ. ಗ್ಯಾಸ್ ಪೈಪ್ ಒಡೆದಿದೆ, ಆರಿಸಿ ಅಂತ ವಾರಂಟ್ ಆಫೀಸರ್ ಕೂಗ್ತಾನೆ. ಅವಳು ಅವನ ಮೇಲೇ ತಿರುಗಿ ಕೂಗ್ತಾಳೆ. ದುಃಖ ಸಿಟ್ಟಾಗಿ ಹೊರಬೀಳೋದನ್ನ ಅಷ್ಟು ನಿಖರವಾಗಿ ತೋರಿಸಿದ್ದು ಕಮ್ಮಿ.

ಕಾರ್ಯಾಚರಣೆ ಕೋಣೆಯಲ್ಲಿ ಮ್ಯಾಗಿಗೆ ಸ್ಕ್ವಾಡ್ರನ್ ಲೀಡರ್ ಎವನ್ಸ್ ಅವರನ್ನ ಪರಿಚಯಿಸ್ತಾರೆ. ಅವರ ಮುಖ ಪೂರ್ತಿ ಸುಟ್ಟಿದೆ. ಅದು ಮೇಕಪ್ ಅಲ್ಲ. ಆ ಪಾತ್ರದಲ್ಲಿರೋದು ಬಿಲ್ ಫಾಕ್ಸ್‌ಲಿ, 1944ರ ವಿಮಾನ ಅಪಘಾತದಲ್ಲಿ ಸುಟ್ಟುಹೋಗಿ, ಈಸ್ಟ್ ಗ್ರಿನ್‌ಸ್ಟೆಡ್ ಆಸ್ಪತ್ರೆಯಲ್ಲಿ ಪ್ಲಾಸ್ಟಿಕ್ ಸರ್ಜನ್ ಆರ್ಚಿಬಾಲ್ಡ್ ಮ್ಯಾಕಿಂಡೋ ಹತ್ರ ಚಿಕಿತ್ಸೆ ಪಡೆದ ವಾಯುಪಡೆಯವರು. ಸ್ಪಿಟ್‌ಫೈರ್‌ನಲ್ಲಿ ಪೈಲಟ್ ಕಾಲಿನ ಮುಂದೆಯೇ ಎರಡು ಟ್ಯಾಂಕ್, ಒಟ್ಟು 85 ಗ್ಯಾಲನ್ ಪೆಟ್ರೋಲ್. ಹರಿಕೇನ್‌ನಲ್ಲೂ ಎದುರಿಗೊಂದು ಟ್ಯಾಂಕ್. ಅದಕ್ಕೆ ಬೆಂಕಿ ತಗುಲಿದ್ರೆ ಜ್ವಾಲೆ ನೇರ ಮುಖಕ್ಕೆ, ಕೈಗೆ. ಚೆನ್ನಾಗಿ ಕಾಣ್ಲಿ ಅಂತ ಗಾಗಲ್ಸ್ ಹಣೆ ಮೇಲೇರಿಸಿ, ಕೈಗವಸು ತೆಗೆದಿಟ್ಟು ಹಾರಿದವರಿಗೆ ರೆಪ್ಪೆ, ಬೆರಳು ಹೋದವು. ಹಾರ್ವೆಗೆ ಮುಂದೆ ಏನು ಕಾದಿದೆ ಅನ್ನೋದನ್ನ ಫಾಕ್ಸ್‌ಲಿ ಮುಖ ಮಾತಿಲ್ಲದೇ ಹೇಳುತ್ತೆ. ಇಡೀ ತಾರಾಗಣದಲ್ಲಿ ಅತಿ ದೊಡ್ಡ ಪಾತ್ರ ಇದೇ ಅಂತ ನಮ್ಮ ಲೆಕ್ಕ.

ಇನ್ನುಳಿದವರಲ್ಲಿ ಎಡ್ವರ್ಡ್ ಫಾಕ್ಸ್ ಮಾಡಿರೋ ಆರ್ಚಿ ಪ್ಯಾರಾಚೂಟ್‌ನಲ್ಲಿ ಇಳಿದು ಯಾರದ್ದೋ ಗಾಜಿನ ಮನೆಯೊಳಗೆ ಬೀಳ್ತಾನೆ, ಒಬ್ಬ ಪುಟ್ಟ ಹುಡುಗ ಬಂದು ಸಿಗರೇಟ್ ಕೊಡ್ತಾನೆ. ಬ್ಯಾರಿ ಫಾಸ್ಟರ್ ಮಾಡಿರೋ ಎಡ್ವರ್ಡ್ಸ್ ಕೈಕೆಳಗೆ ತರಬೇತಿಯಲ್ಲಿರೋ ಪೋಲೆಂಡ್ ಪೈಲಟ್‌ಗಳಿಗೆ ಇಂಗ್ಲಿಷ್ ಆಜ್ಞೆ ಅರ್ಥವಾಗದ ಹಾಗೆ ನಟಿಸಿ ಶತ್ರುವಿನ ಮೇಲೆ ಎರಗೋ ಆಸೆ. 1940ರ ಆಗಸ್ಟ್ 30ರಂದು ಪೋಲೆಂಡಿನ 303ನೇ ಸ್ಕ್ವಾಡ್ರನ್‌ನ ಒಬ್ಬ ಪೈಲಟ್ ತರಬೇತಿ ಹಾರಾಟದ ನಡುವೆಯೇ ಶತ್ರು ವಿಮಾನ ಹೊಡೆದುರುಳಿಸಿದ್ದರ ನೆರಳು ಅದು. ಮ್ಯಾಕ್‌ಶೇನ್ ಮಾಡಿರೋ ಆಂಡಿ ಲಂಡನ್‌ನಲ್ಲಿ ಸಂಸಾರವನ್ನ ಕಳ್ಕೊಳ್ತಾನೆ. ಮ್ಯಾಕ್‌ಶೇನ್‌ಗೆ ಆಗ 25. ನಿಜವಾದ ಪೈಲಟ್‌ಗಳಲ್ಲಿ ಬಹಳ ಮಂದಿ ಇಪ್ಪತ್ತರ ಆಸುಪಾಸಿನವರು. ಶಾಗೆ 41, ಪ್ಲಮ್ಮರ್‌ಗೆ 38. ಈ ಸಿನಿಮಾದ ನಿಜವಾದ ತಪ್ಪು ಇದು: ಹುಡುಗರ ಯುದ್ಧವನ್ನ ನಡುವಯಸ್ಸಿನವರು ಆಡಿದ್ದಾರೆ.

ಇನ್ನು ಜರ್ಮನ್ ಪಾತ್ರಗಳು. ಅವರೆಲ್ಲ ಜರ್ಮನ್ ಭಾಷೆಯಲ್ಲೇ ಮಾತಾಡ್ತಾರೆ, ಕೆಳಗೆ ಅಕ್ಷರ ಬರುತ್ತೆ. ಗೋರಿಂಗ್ ಆಗಿ ಹೈನ್ ರೀಸ್, ಮೇಜರ್ ಫಾಲ್ಕೆ ಆಗಿ ಮಾನ್‌ಫ್ರೆಡ್ ರೆಡ್ಡೆಮಾನ್. ನಿಮಗೆ ಏನು ಬೇಕು ಅಂತ ಗೋರಿಂಗ್ ಕೇಳಿದಾಗ ಫಾಲ್ಕೆ ಸ್ಪಿಟ್‌ಫೈರ್‌ಗಳ ಒಂದು ಸ್ಕ್ವಾಡ್ರನ್ ಕೊಡಿ ಅಂತಾನೆ. ಅದು ಆ ಯುದ್ಧದಲ್ಲಿ ಹಾರಿದ್ದ ಜರ್ಮನ್ ಪೈಲಟ್ ಆಡಾಲ್ಫ್ ಗಾಲಾಂಡ್ ಅವರ ಮಾತು, ಅವರೇ ಈ ಸಿನಿಮಾಕ್ಕೆ ಸಲಹೆಗಾರರು.

ವಿಮಾನಗಳೂ ನಟರೇ. ಇಲ್ಲಿ ಕಾಣೋ ಜರ್ಮನ್ ಮೆಸರ್‌ಶ್ಮಿಟ್‌ಗಳು ಸ್ಪೇನ್‌ನಲ್ಲಿ ತಯಾರಾದ ಬುಚೋನ್‌ಗಳು. ರೆಕ್ಕೆ ತುದಿ ಕತ್ತರಿಸಿ, ಬಾಲಕ್ಕೆ ಆನಿಕೆ ಕಡ್ಡಿ ಕೊಟ್ಟು 1940ರ ರೂಪಕ್ಕೆ ತಂದರು. ಆದ್ರೆ ಮೂತಿ ಕೆಳಗಿನ ದಪ್ಪ ಗಲ್ಲ ಮುಚ್ಚೋಕೆ ಆಗಲಿಲ್ಲ, ಒಳಗಿರೋದು ಬ್ರಿಟಿಷ್ ರೋಲ್ಸ್ ರಾಯ್ಸ್ ಮರ್ಲಿನ್ ಇಂಜಿನ್. ಸ್ಪೇನ್‌ನಿಂದಲೇ ಬಂದ ಹೈಂಕೆಲ್ ಬಾಂಬರ್‌ಗಳಲ್ಲೂ ಅದೇ ಇಂಜಿನ್. ಗಲ್ಲ ದಪ್ಪ ಕಂಡ್ರೆ ಜರ್ಮನ್ ವಿಮಾನ ಅಂತ ಹಿಡಿದುಕೊಳ್ಳಿ, ಆಕಾಶದ ದೃಶ್ಯಗಳಲ್ಲಿ ಇದು ಬಹಳ ಉಪಯೋಗಕ್ಕೆ ಬರುತ್ತೆ.

ಚಿತ್ರೀಕರಣ ನಡೀತಿದ್ದಾಗ ನಿಜವಾದ ಡೌಡಿಂಗ್, 86ರ ವಯಸ್ಸಿನಲ್ಲಿ, ಒಲಿವಿಯರ್ ಅವರನ್ನ ನೋಡೋಕೆ ಬಂದಿದ್ದರು. ಸಿನಿಮಾ ತೆರೆ ಕಂಡಿದ್ದು 1969ರ ಸೆಪ್ಟೆಂಬರ್ 15ಕ್ಕೆ, 1940ರಲ್ಲಿ ಆಕಾಶದ ಯುದ್ಧ ನಿರ್ಣಾಯಕ ತಿರುವು ಪಡೆದ ಆ ದೊಡ್ಡ ದಿನಕ್ಕೆ ಸರಿಯಾಗಿ 29 ವರ್ಷ. ಮರುವರ್ಷ ಫೆಬ್ರವರಿಯಲ್ಲಿ ಡೌಡಿಂಗ್ ತೀರಿಕೊಂಡರು.

ಎರಡನೇ ಸಲ ನೋಡುವಾಗ ಸ್ಪಿಟ್‌ಫೈರ್‌ಗಳ ಗುಂಪಲ್ಲಿ ಒಂದನ್ನ ನೆನಪಿಟ್ಟುಕೊಳ್ಳಿ. ಅದರ ನಿಜವಾದ ಸಂಖ್ಯೆ ಪಿ 7350. 1940ರಲ್ಲೇ ಆ ಯುದ್ಧದಲ್ಲಿ ಹಾರಿದ್ದ ವಿಮಾನ, ಇಪ್ಪತ್ತೆಂಟು ವರ್ಷದ ಮೇಲೆ ಕ್ಯಾಮೆರಾ ಮುಂದೆ ಅದೇ ಯುದ್ಧವನ್ನ ಮತ್ತೆ ಹಾರಿತು. ಅದೀಗ ಇಂಗ್ಲೆಂಡ್‌ನ ಕೊನಿಂಗ್ಸ್‌ಬಿ ನೆಲೆಯಲ್ಲಿದೆ.