ಟಿವಿ ಆರಿಸುವ ಮುನ್ನ ಆರಿಸಿ ನೋಡಿ

ಕೇಳುಗರಿಗೆ ನಮಸ್ಕಾರ. ಟಿವಿಯ ಬಗ್ಗೆ ಮಾತಾಡಲು ರೇಡಿಯೋಗೆ ಕರೆದಿದ್ದಾರೆ. ಒಂದು ಲೆಕ್ಕಕ್ಕೆ ಒಳ್ಳೆಯದೇ ಆಯಿತು. ಪಕ್ಕದಲ್ಲೊಂದು ಟಿವಿ ಓಡುತ್ತಿದ್ದರೆ ನನ್ನ ಮಾತನ್ನು ಯಾರು ಕೇಳುತ್ತಿದ್ದರು?

ಪ್ಲಾಸ್ಮಾ ಒಳ್ಳೆಯದೋ, ಎಲ್‌ಸಿಡಿ ಒಳ್ಳೆಯದೋ? ಈ ಪ್ರಶ್ನೆಗೆ ಉತ್ತರ ಹೇಳಿ ಹೇಳಿ ನನ್ನ ತಲೆಗೂದಲು ನೆರೆತಿದೆ. ಪ್ಲಾಸ್ಮಾ ಟಿವಿಗಳ ತಯಾರಿಕೆ ನಿಂತು ಎಷ್ಟೋ ಕಾಲವಾಯಿತು. ಪ್ಯಾನಾಸೋನಿಕ್ 2013ರ ಕೊನೆಗೆ ನಿಲ್ಲಿಸಿತು, ಸ್ಯಾಮ್‌ಸಂಗ್ ಮತ್ತು ಎಲ್‌ಜಿ 2014ರಲ್ಲಿ. ಆದರೆ ಪ್ರಶ್ನೆ ನಿಂತಿಲ್ಲ. 'ಹಳೇ ಪ್ಲಾಸ್ಮಾ ಚೆನ್ನಾಗೇ ಓಡ್ತಿದೆ ಸಾರ್, ಕೊಟ್ಟುಬಿಡೋಣವಾ?' ಎಂದು ಕೇಳುವವರು ಈಗಲೂ ಇದ್ದಾರೆ. ನನ್ನ ಉತ್ತರ ಯಾವತ್ತೂ ಒಂದೇ. ಮೊದಲು ನಿಮ್ಮ ಕೋಣೆ ನೋಡಿ, ಆಮೇಲೆ ಟಿವಿ ನೋಡಿ.

ಕಾರಣ ಸರಳ. ಪ್ಲಾಸ್ಮಾ ಪರದೆಯೊಳಗೆ ಲಕ್ಷಾಂತರ ಪುಟಾಣಿ ಗೂಡುಗಳಿವೆ. ಒಂದೊಂದರಲ್ಲೂ ನಿಯಾನ್, ಕ್ಸೆನಾನ್ ಅನಿಲ. ವಿದ್ಯುತ್ ಹರಿದಾಗ ಕಣ್ಣಿಗೆ ಕಾಣದ ನೇರಳಾತೀತ ಕಿರಣ ಹೊಮ್ಮಿ, ಗೂಡಿನ ಗೋಡೆಗೆ ಬಳಿದ ಪುಡಿ ಹೊಳೆಯುತ್ತದೆ. ನಿಮ್ಮ ಮನೆಯ ಟ್ಯೂಬ್‌ಲೈಟನ್ನು ಸಾಸಿವೆ ಕಾಳಿಗಿಂತ ಚಿಕ್ಕದು ಮಾಡಿ ಸಾಲಾಗಿ ಜೋಡಿಸಿದಂತೆ ಅಂದುಕೊಳ್ಳಿ. ಕಪ್ಪು ಬೇಕಾದ ಕಡೆ ಆ ಗೂಡು ಹೆಚ್ಚುಕಡಿಮೆ ಆರಿಯೇ ಹೋಗುತ್ತದೆ. ಎಲ್‌ಸಿಡಿಯಲ್ಲಿ ಹಾಗಲ್ಲ. ಬೆಳಕು ಹಿಂದುಗಡೆ ಉರಿಯುತ್ತಲೇ ಇರುತ್ತದೆ, ಮುಂದಿರುವ ದ್ರವ ಸ್ಫಟಿಕಗಳು ಕಿಟಕಿ ಬಾಗಿಲುಗಳ ಹಾಗೆ ಅದನ್ನು ಬಿಡುತ್ತವೆ, ತಡೆಯುತ್ತವೆ. ಬಾಗಿಲು ಎಷ್ಟೇ ಮುಚ್ಚಿದರೂ ಸಂದಿಯಲ್ಲಿ ಬೆಳಕು ಸೋರುತ್ತದೆ. ಅದಕ್ಕೇ ಕತ್ತಲ ಕೋಣೆಯಲ್ಲಿ ಎಲ್‌ಸಿಡಿಯ ಕಪ್ಪು ಬೂದಿಯ ಬಣ್ಣಕ್ಕೆ ತಿರುಗುತ್ತದೆ.

ಪ್ಲಾಸ್ಮಾ ಪರದೆ ಹುಟ್ಟಿದ್ದು ಮನೆಯಲ್ಲಿ ಸಿನಿಮಾ ನೋಡುವವರಿಗಾಗಿ ಅಲ್ಲ, ಗೊತ್ತೇ? 1964ರಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಡೊನಾಲ್ಡ್ ಬಿಟ್ಜರ್ ಮತ್ತು ಜೊತೆಗಾರರು ವಿದ್ಯಾರ್ಥಿಗಳಿಗೆ ಕಂಪ್ಯೂಟರಿನಿಂದ ಪಾಠ ಹೇಳಲು ಮಾಡಿದ್ದು. ಆ ಕಾಲದ ಪರದೆಗಳಲ್ಲಿ ಬರೀ ಕಿತ್ತಳೆ ಬಣ್ಣ. ಇದರ ಕಥೆ ಹೇಳಲು ನನಗೆ ಬಹಳ ಆಸೆ, ಇರಲಿ.

ನಮ್ಮ ಭಾವನ ಕಥೆ ಹೇಳುತ್ತೇನೆ. ಅವರು ಯಾರನ್ನೂ ಕೇಳದೆ ಐವತ್ತು ಇಂಚಿನ ಪ್ಲಾಸ್ಮಾ ತಂದರು. ಅಂಗಡಿಯಲ್ಲಿ ಅದನ್ನು ಒಳಗಿನ ಮಬ್ಬುಗತ್ತಲೆಯ ಕೋಣೆಯಲ್ಲಿ ತೋರಿಸಿದ್ದರಂತೆ, ಮರುಳಾಗಿಬಿಟ್ಟರು. ತಂದು ನಡುಮನೆಯಲ್ಲಿ ದೊಡ್ಡ ಕಿಟಕಿಯ ಎದುರು ಗೋಡೆಗೆ ಹಾಕಿಸಿದರು. ಮೂರನೇ ದಿನ ಬೆಳಿಗ್ಗೆಯೇ ನನಗೆ ಫೋನು. 'ಏನೋ, ಟಿವಿ ಆಗಲೇ ಮಸುಕಾಗಿದೆ. ಮೋಸ ಮಾಡಿದ್ದಾರೆ!' ರಿಪೇರಿಯವರು ಎರಡು ಸಲ ಬಂದು ಹೋದರು. ಎರಡು ಸಲವೂ ಬಂದದ್ದು ಸಂಜೆ ಏಳರ ಮೇಲೆ, ಆಗ ಚಿತ್ರ ಲಕ್ಷಣವಾಗಿತ್ತು! ಭಾವನಿಗೆ ಇನ್ನೂ ಸಿಟ್ಟು.

ಕೊನೆಗೆ ನಾನೇ ಹೋದೆ, ಬೆಳಿಗ್ಗೆ ಹತ್ತಕ್ಕೆ. ರಿಮೋಟ್ ತೆಗೆದುಕೊಂಡು ಟಿವಿ ಆರಿಸಿದೆ. 'ಭಾವ, ಈಗ ಪರದೆಯಲ್ಲಿ ಏನು ಕಾಣುತ್ತೆ?' ಅವರು ನನ್ನನ್ನೇ ಗುರಾಯಿಸಿದರು. 'ಏನು ಕಾಣುತ್ತೆ, ಕಿಟಕಿ ಕಾಣುತ್ತೆ. ಕಿಟಕಿಗೆ ಹಾಕಿದ ಪರದೆ ಬಟ್ಟೆ ಕಾಣುತ್ತೆ. ನಾನು ಕಾಣ್ತೀನಿ.' 'ವಾರ್ತೆ ಓದುವವರ ಮುಖದ ಮೇಲೆ ಬೆಳಿಗ್ಗೆಯಿಂದ ಕೂತಿರೋದು ಅವೇ ಮೂರು' ಅಂದೆ. ಅಕ್ಕ ಅಡುಗೆಮನೆಯಲ್ಲಿ ನಕ್ಕಿದ್ದು ಕೇಳಿಸಿತು.

ಆ ಗಾಜು ಏನು ಭಾರ ಅಂತೀರಿ! ನಾನು, ಭಾವ, ಪಕ್ಕದ ಮನೆಯ ಹುಡುಗ ಸೇರಿ ಇಳಿಸಿ, ಕಿಟಕಿಯಿದ್ದ ಗೋಡೆಯ ಮಗ್ಗುಲಿಗೇ ತಂದು ಬೆಳಕಿಗೆ ಬೆನ್ನು ಮಾಡಿ ನಿಲ್ಲಿಸಿದೆವು. ರಾತ್ರಿ ದೀಪ ತಗ್ಗಿಸಿ ಒಂದು ಸಿನಿಮಾ ಹಾಕಿದರು. ಕಾಡಿನ ಕತ್ತಲಲ್ಲಿ ಒಬ್ಬ ನಡೆದು ಬರುವ ದೃಶ್ಯ. ಎಲೆ ಎಲೆಯೂ ಬೇರೆಬೇರೆ ಕಾಣುತ್ತಿತ್ತು, ಕಪ್ಪು ಕಪ್ಪಾಗಿಯೇ ಇತ್ತು. ಭಾವ ಬಾಯಿ ಬಿಡಲಿಲ್ಲ. ಅವರು ಅಷ್ಟು ಹೊತ್ತು ಸುಮ್ಮನಿದ್ದದ್ದನ್ನು ನಾನು ನೋಡಿದ್ದು ಅದೇ ಮೊದಲು. ಟಿವಿ ಅದೇ. ಬದಲಾದದ್ದು ಅದು ನಿಂತ ಜಾಗ ಮಾತ್ರ!

ಅಯ್ಯೋ, ಗಾಜಿನಾಚೆಯಿಂದ ಎರಡು ಬೆರಳು ತೋರಿಸುತ್ತಿದ್ದಾರೆ, ಎರಡೇ ನಿಮಿಷ ಉಳಿದಿದೆ. ಬೇಗ ಹೇಳುತ್ತೇನೆ. ಹಗಲಿಡೀ ಬೆಳಕು ತುಂಬುವ ಕೋಣೆಯಾದರೆ ಎಲ್‌ಸಿಡಿ, ಕಣ್ಣು ಮುಚ್ಚಿ ತನ್ನಿ. ಹಗುರ, ಕರೆಂಟೂ ಕಡಿಮೆ. ರಾತ್ರಿ ಕೂತು ನೋಡುವ ಕೋಣೆಯಾದರೆ, ಮನೆಯಲ್ಲಿರುವ ಹಳೆಯ ಪ್ಲಾಸ್ಮಾವನ್ನು ದಯವಿಟ್ಟು ಗುಜರಿಗೆ ಹಾಕಬೇಡಿ. ಮೂಲೆಯಲ್ಲಿ ಕೂತವರಿಗೂ ಬಣ್ಣ ಕೆಡುವುದಿಲ್ಲ, ಚೆಂಡು ಓಡಿದರೆ ಹಿಂದೆ ಮಸುಕಿನ ಬಾಲ ಬೆಳೆಯುವುದಿಲ್ಲ. ಒಂದೇ ಎಚ್ಚರಿಕೆ: ದಿನವಿಡೀ ಒಂದೇ ವಾರ್ತಾ ಚಾನೆಲ್ ಹಾಕಿಟ್ಟರೆ ಕೆಳಗಿನ ಪಟ್ಟಿ ಪರದೆಯ ಮೇಲೆ ಅಚ್ಚಾಗಿ ಉಳಿಯುತ್ತದೆ.

'ನಾವು ತಂದಿರೋದು ಎಲ್‌ಸಿಡಿ ಅಲ್ಲ ಸಾರ್, ಎಲ್‌ಇಡಿ' ಎನ್ನುವವರಿಗೆ ಒಂದು ಮಾತು. ಅದೂ ಎಲ್‌ಸಿಡಿಯೇ ಸ್ವಾಮಿ! ಹಿಂದೆ ಉರಿಯುವ ದೀಪ ಮಾತ್ರ ಬೇರೆ. ಓಎಲ್‌ಇಡಿ ಬೇರೆ ಜಾತಿ, ಪ್ಲಾಸ್ಮಾದ ಹಾಗೆ ಅದರ ಚುಕ್ಕಿ ಚುಕ್ಕಿಯೂ ತಾನೇ ಬೆಳಗುತ್ತದೆ. ಹಾಗಾಗಿ ಇವತ್ತು ಅಂಗಡಿಯಲ್ಲಿ ನಿಂತವರಿಗೂ ನಾನು ಹೇಳುವುದು ಅದನ್ನೇ. ಕೋಣೆ ನೋಡಿ. ಮನೆಯಲ್ಲಿ ಈಗಿರುವ ಟಿವಿಯನ್ನು ನೀವು ನೋಡುವ ಹೊತ್ತಿನಲ್ಲೇ ಒಮ್ಮೆ ಆರಿಸಿ, ಪರದೆಯಲ್ಲಿ ಏನೇನು ಕಾಣುತ್ತದೆ ಎಣಿಸಿಕೊಂಡು, ಆಮೇಲೆ ಅಂಗಡಿಗೆ ಹೋಗಿ.

ಭಾವನ ಪ್ಲಾಸ್ಮಾ ಇನ್ನೂ ಓಡುತ್ತಿದೆ. ಗಾಳಿ ಸಾಲದೆಂದು ಈಗ ಅದರ ಎದುರಿನ ಗೋಡೆಗೆ ಹೊಸ ಕಿಟಕಿ ಇಡಿಸಲು ಹೊರಟಿದ್ದಾರಂತೆ, ಅಕ್ಕ ಬೆಳಿಗ್ಗೆ ಫೋನ್ ಮಾಡಿದ್ದಳು. ಇಲ್ಲಿಂದ ನೇರ ಅಲ್ಲಿಗೇ ಹೋಗಬೇಕು. ನಮಸ್ಕಾರ.