ಎದುರು ಸಾಲಿನವರ ಹೋಂವರ್ಕ್

ಕೇಳುಗರೆಲ್ಲರಿಗೂ ನಮಸ್ಕಾರ.

ಚುನಾವಣೆಯಲ್ಲಿ ಗೆದ್ದವರು ಏನು ಮಾಡಬೇಕು ಅಂತ ಹೇಳೋಕೆ ನಮ್ಮಲ್ಲಿ ತುಂಬಾ ಜನ ಇದ್ದಾರೆ. ಸೋತವರು ಮುಂದಿನ ಐದು ವರ್ಷ ಏನು ಮಾಡಬೇಕು? ವಿರೋಧ ಪಕ್ಷ ಅಂದ ಮೇಲೆ ವಿರೋಧಿಸಬೇಕು, ಅಷ್ಟೇ ಅಲ್ವಾ ಅನ್ನುತ್ತೀರಿ. ಆದರೆ ಎಲ್ಲದಕ್ಕೂ ಬೇಡ ಬೇಡ ಅನ್ನುವವರ ಮಾತನ್ನು ಸ್ವಲ್ಪ ದಿನ ಆದ ಮೇಲೆ ಯಾರೂ ಕಿವಿಗೇ ಹಾಕಿಕೊಳ್ಳುವುದಿಲ್ಲ.

ಒಂದು ಹಳೆಯ ಸಂಗತಿ ಹೇಳುತ್ತೇನೆ. 1957ರ ಕೊನೆಯಲ್ಲಿ ಲೋಕಸಭೆಯಲ್ಲಿ ಒಂದು ಪ್ರಶ್ನೆ ಎದ್ದಿತು. ಜೀವ ವಿಮಾ ನಿಗಮವು ಹರಿದಾಸ್ ಮುಂದ್ರಾ ಎಂಬ ಉದ್ಯಮಿಯ ಕಂಪನಿಗಳ ಷೇರು ಕೊಂಡದ್ದು ಯಾಕೆ? ಅದು ಜನ ಕಟ್ಟಿದ ವಿಮಾ ಕಂತಿನ ದುಡ್ಡು, ಸುಮಾರು ಒಂದೂಕಾಲು ಕೋಟಿ ರೂಪಾಯಿ. ಪ್ರಶ್ನೆ ಹಿಡಿದು ಕೂತವರು ಕಿರುಚಲಿಲ್ಲ, ಮೇಜು ಕುಟ್ಟಲಿಲ್ಲ. ಷೇರಿನ ದರ ಎಷ್ಟಿತ್ತು, ನಿಗಮ ಕೊಟ್ಟದ್ದೆಷ್ಟು ಅಂತ ಲೆಕ್ಕ ಬಿಚ್ಚಿದರು. ನ್ಯಾಯಮೂರ್ತಿ ಛಾಗ್ಲಾ ಅವರ ಆಯೋಗ ಬಹಿರಂಗವಾಗಿ ವಿಚಾರಣೆ ನಡೆಸಿತು. 1958ರ ಫೆಬ್ರುವರಿಯಲ್ಲಿ ಹಣಕಾಸು ಮಂತ್ರಿ ಟಿ.ಟಿ. ಕೃಷ್ಣಮಾಚಾರಿ ರಾಜೀನಾಮೆ ಕೊಟ್ಟರು.

ಆ ಪ್ರಶ್ನೆ ಹಿಡಿದು ಕೂತವರು ಫಿರೋಜ್ ಗಾಂಧಿ. ತಮಾಷೆ ಏನೆಂದರೆ ಅವರು ವಿರೋಧ ಪಕ್ಷದವರೇ ಅಲ್ಲ. ಆಳುವ ಕಾಂಗ್ರೆಸ್ಸಿನವರು, ಸಾಲದ್ದಕ್ಕೆ ಪ್ರಧಾನಿ ನೆಹರೂ ಅವರ ಅಳಿಯ. ಎದುರು ಸಾಲಿನ ಕೆಲಸವನ್ನು ಆ ದಿನ ಈ ಸಾಲಿನವರೊಬ್ಬರು ಮಾಡಿ ತೋರಿಸಿದರು.

ಹೋಂವರ್ಕ್ ಅಂತ ನಾನು ಹೇಳುವುದು ಇದನ್ನೇ. ಲೋಕಸಭೆಯಲ್ಲಿ ಚುಕ್ಕೆ ಗುರುತಿನ ಪ್ರಶ್ನೆ ಅಂತ ಇದೆ. ಸದಸ್ಯರು ಮುಂಚೆಯೇ ಬರೆದು ಕೊಡಬೇಕು, ಮಂತ್ರಿ ಎದ್ದು ಉತ್ತರ ಹೇಳಬೇಕು. ಆ ಮೊದಲ ಉತ್ತರದಲ್ಲಿ ಏನೂ ಇರುವುದಿಲ್ಲ ಬಿಡಿ, ಅಧಿಕಾರಿಗಳು ನುಣ್ಣಗೆ ಬರೆದುಕೊಟ್ಟಿರುತ್ತಾರೆ. ಮಂತ್ರಿಗೆ ಬೆವರು ಬರುವುದು ಆಮೇಲಿನ ಉಪಪ್ರಶ್ನೆಗೆ. ಅದನ್ನು ಸ್ಥಳದಲ್ಲೇ ಕೇಳುತ್ತಾರೆ, ಸ್ಥಳದಲ್ಲೇ ಉತ್ತರ ಕೊಡಬೇಕು. ಕೇಳುವವರಿಗೆ ವಿಷಯ ಗೊತ್ತಿದ್ದರೆ ತಾನೇ ಅದು ಸಾಧ್ಯ? ಗೊತ್ತಿಲ್ಲದವರು ಭಾಷಣ ಮಾಡಿ ಕೂರುತ್ತಾರೆ. ಮಂತ್ರಿಗೆ ಅದಕ್ಕಿಂತ ಸುಖ ಬೇರೆ ಇಲ್ಲ.

ಯಾರೂ ನೋಡದ ಇನ್ನೊಂದು ಜಾಗ ಇದೆ, ಸಮಿತಿಗಳು. 1967ರಿಂದ ಸಂಸತ್ತಿನ ಸಾರ್ವಜನಿಕ ಲೆಕ್ಕಪತ್ರ ಸಮಿತಿಯ ಅಧ್ಯಕ್ಷ ಸ್ಥಾನವನ್ನು ವಿರೋಧ ಪಕ್ಷಕ್ಕೆ ಬಿಟ್ಟುಕೊಡುವ ಪದ್ಧತಿ ಇದೆ. ಸರ್ಕಾರ ಖರ್ಚು ಮಾಡಿದ ದುಡ್ಡಿನ ಲೆಕ್ಕವನ್ನು ಎದುರು ಪಕ್ಷದವರ ಮುಂದೆ ಕೂತು ಹೇಳಬೇಕು ಅನ್ನುವುದು ಅದರ ಅರ್ಥ. ಆದರೆ ಅಲ್ಲಿ ಟಿವಿ ಕ್ಯಾಮೆರಾ ಇಲ್ಲ. ದಪ್ಪ ದಪ್ಪ ವರದಿ ಓದಬೇಕು. ಹೀಗಾಗಿ ಅಲ್ಲಿ ಹುರುಪು ಕಡಿಮೆ. ಒಂದು ಪಕ್ಷ ನಿಜವಾಗಿ ಕೆಲಸ ಮಾಡುತ್ತಿದೆಯಾ ಅಂತ ತಿಳಿಯಬೇಕಿದ್ದರೆ ನಾನು ಅದರ ಪತ್ರಿಕಾಗೋಷ್ಠಿ ನೋಡುವುದಿಲ್ಲ, ಸಮಿತಿಯ ಹಾಜರಿ ಪುಸ್ತಕ ನೋಡುತ್ತೇನೆ.

ಬ್ರಿಟನ್ನಿನಲ್ಲಿ ಒಂದು ಏರ್ಪಾಡು ಇದೆ, ನೆರಳು ಮಂತ್ರಿಮಂಡಲ. ಆರೋಗ್ಯಕ್ಕೆ ಒಬ್ಬರು ಮಂತ್ರಿ ಇದ್ದರೆ, ಅವರ ಬೆನ್ನಿಗೇ ವಿರೋಧ ಪಕ್ಷದವರೊಬ್ಬರು ಆರೋಗ್ಯದ ಹೊಣೆ ಹೊತ್ತಿರುತ್ತಾರೆ. ಇವತ್ತು ರೈಲು, ನಾಳೆ ಗಡಿ, ನಾಡಿದ್ದು ಈರುಳ್ಳಿ ಅಂತ ಎಲ್ಲರೂ ಎಲ್ಲದರ ಬಗ್ಗೆ ಮಾತಾಡುವ ಗೊಂದಲ ಇಲ್ಲ. ಅಲ್ಲಿ ವಿರೋಧ ಪಕ್ಷದ ನಾಯಕರಿಗೆ 1937ರಿಂದ ಸರ್ಕಾರದ ಬೊಕ್ಕಸದಿಂದಲೇ ಸಂಬಳ. ಭಾರತದಲ್ಲಿ ಅಂಥ ಕಾನೂನು 1977ರಲ್ಲಿ ಬಂತು. ಸರ್ಕಾರವನ್ನು ಪ್ರಶ್ನಿಸುವುದಕ್ಕೆ ಸರ್ಕಾರವೇ ಸಂಬಳ ಕೊಡುತ್ತದೆ!

ಜರ್ಮನಿಯವರು ಇನ್ನೂ ಕಟ್ಟುನಿಟ್ಟು. ಚಾನ್ಸಲರನ್ನು, ಅಂದರೆ ಅಲ್ಲಿನ ಸರ್ಕಾರದ ಮುಖ್ಯಸ್ಥರನ್ನು, ಸಂಸತ್ತು ಇಳಿಸಬೇಕಾದರೆ ಅವರ ಜಾಗಕ್ಕೆ ಯಾರು ಅಂತ ಅದೇ ಮತದಲ್ಲಿ ಆರಿಸಬೇಕು. 1972ರಲ್ಲಿ ಒಮ್ಮೆ ಪ್ರಯತ್ನ ನಡೆದು ಸೋತಿತು. 1982ರಲ್ಲಿ ಹೆಲ್ಮುಟ್ ಶ್ಮಿಟ್ ಇಳಿದು ಹೆಲ್ಮುಟ್ ಕೋಲ್ ಬಂದರು. ಆ ನಿಯಮ ಎಲ್ಲ ಕಡೆ ಬೇಕು ಅಂತಲ್ಲ. ಆದರೆ "ಇವರು ಬೇಡ" ಅಂದವರನ್ನು "ಸರಿ, ನೀವಾದರೆ ಏನು ಮಾಡ್ತಿದ್ದಿರಿ?" ಅಂತ ಯಾರಾದರೂ ಕೇಳಲೇಬೇಕು. ಉತ್ತರ ಜೇಬಿನಲ್ಲಿ ಇರಬೇಕು, ಅದರ ಖರ್ಚಿನ ಲೆಕ್ಕವೂ ಇರಬೇಕು.

ಸರ್ಕಾರದ ಜೊತೆ ನಿಲ್ಲಬೇಕಾದ ದಿನವೂ ಬರುತ್ತದೆ. 1994ರಲ್ಲಿ ಜಿನೀವಾದ ಮಾನವ ಹಕ್ಕುಗಳ ಸಭೆಗೆ ಭಾರತದ ನಿಯೋಗವನ್ನು ಕರೆದುಕೊಂಡು ಹೋದವರು ವಿರೋಧ ಪಕ್ಷದ ನಾಯಕ ವಾಜಪೇಯಿ, ಕಳಿಸಿದವರು ಪ್ರಧಾನಿ ನರಸಿಂಹ ರಾವ್. ಅದಾದ ಮೇಲೂ ವಾಜಪೇಯಿ ಸದನದಲ್ಲಿ ಆ ಸರ್ಕಾರವನ್ನು ಟೀಕಿಸುವುದನ್ನು ಬಿಡಲಿಲ್ಲ.

ಇನ್ನು ಸಭಾತ್ಯಾಗ. ಕೆಲವೊಮ್ಮೆ ಬೇರೆ ದಾರಿ ಇರುವುದಿಲ್ಲ, ಒಪ್ಪುತ್ತೇನೆ. ಮಾತಾಡಲು ಬಿಡದಿದ್ದರೆ ಏನು ಮಾಡೋದು? ಆದರೆ ಅದೇ ಅಭ್ಯಾಸವಾದರೆ ನಷ್ಟ ಯಾರಿಗೆ ನೋಡಿ. ಇವರು ಘೋಷಣೆ ಕೂಗುತ್ತಾ ಹೊರಗೆ ಹೋಗುತ್ತಾರೆ. ಒಳಗೆ ತಿದ್ದುಪಡಿ ಕೇಳುವವರಿಲ್ಲ, ಮತಕ್ಕೆ ಹಾಕಿ ಅನ್ನುವವರಿಲ್ಲ. ಧ್ವನಿಮತ ಒಂದು ಸಲ ಏಳುತ್ತದೆ, ಮಸೂದೆ ಪಾಸಾಗುತ್ತದೆ. ಹೊರಗೆ ಮೆಟ್ಟಿಲ ಮೇಲೆ ಫೋಟೋ ಇನ್ನೂ ತೆಗೆಯುತ್ತಿರುತ್ತಾರೆ.

ನಮಸ್ಕಾರ.