ಬರೆದರೇನೇ ಕಾಣುವ ಮೈ

ಕೇಳುಗರೆಲ್ಲರಿಗೂ ನಮಸ್ಕಾರ. ನಾನು ಹಾಸನದವನು. ಮೆಡಿಕಲ್ ಓದುವ ಮಕ್ಕಳಿಗೆ ಅನಾಟಮಿ, ಅಂದರೆ ದೇಹರಚನೆಯ ಪಾಠ ಮಾಡುತ್ತಲೇ ನನ್ನ ಸರ್ವೀಸು ಕಳೆಯಿತು. ರಜೆಯಲ್ಲಿ ಚಿತ್ರಕಲೆ ಕಲಿಯುವ ಮಕ್ಕಳಿಗೂ ಇದನ್ನೇ ಹೇಳಿಕೊಡುತ್ತೇನೆ. ಎರಡೂ ಕಡೆ ನನ್ನ ಮಾತು ಒಂದೇ: ಮೈಯ ಚಿತ್ರ ಬರೆದು ಕಲಿಯಬೇಕು, ಸುಮ್ನೆ ಓದಿದರೆ ಸಾಲದು.

ಈಗ ರೇಡಿಯೊ ಕೇಳುತ್ತಲೇ ಒಂದು ಕೆಲಸ ಮಾಡಿ. ಮುಖವನ್ನು ಪೂರ್ತಿ ಬಲಕ್ಕೆ ತಿರುಗಿಸಿ. ಕತ್ತಿನ ಎಡಭಾಗ ಮುಟ್ಟಿ. ಕಿವಿಯ ಹಿಂದಿನಿಂದ ಎದೆಮೂಳೆಯವರೆಗೆ ಓರೆಯಾಗಿ ಒಂದು ಗಟ್ಟಿ ಪಟ್ಟಿ ಸಿಗುತ್ತದೆ, ಅಲ್ವಾ? ಅದು ಸ್ಟರ್ನೋಕ್ಲೀಡೋಮಾಸ್ಟಾಯ್ಡ್ ಸ್ನಾಯು. ಮುಖ ಬಲಕ್ಕೆ ತಿರುಗಿದಾಗ ಉಬ್ಬುವುದು ಎಡಗಡೆಯದು. ಹತ್ತಾರು ಸಲ ಓದಿದ ವಿದ್ಯಾರ್ಥಿಯೂ ವೈವಾದಲ್ಲಿ, ಅಂದರೆ ಬಾಯಿಪರೀಕ್ಷೆಯಲ್ಲಿ, ಇದನ್ನು ಎಡಬಲ ಮಾಡಿಬಿಡುತ್ತಾನೆ, ಪಕ್ಕದವನ ಕತ್ತು ನೋಡಿಕೊಂಡು ಒಮ್ಮೆ ಪೆನ್ಸಿಲಿನಲ್ಲಿ ಬರೆದವನು ಮಾತ್ರ ಯೋಚಿಸದೆ ಹೇಳುತ್ತಾನೆ.

ಕಣ್ಣಾರೆ ನೋಡದೆ ನಂಬಿದರೆ ಏನಾಗುತ್ತದೆ ಅನ್ನುವುದಕ್ಕೆ ಪ್ರಾಚೀನ ಕಾಲದ ಗ್ರೀಕ್ ವೈದ್ಯ ಗೇಲನ್ ಕಥೆ ಇದೆ. ಅವನು ಕೊಯ್ದು ನೋಡಿದ್ದು ಹೆಚ್ಚಾಗಿ ಕೋತಿ, ಹಂದಿಗಳನ್ನು. ಮನುಷ್ಯನ ಕೆಳದವಡೆ ಎರಡು ಮೂಳೆ ಅಂತ ಹೇಳಿಬಿಟ್ಟ. ಸಾವಿರಕ್ಕೂ ಜಾಸ್ತಿ ವರ್ಷ ಅದೇ ಪಾಠ ನಡೆಯಿತು. ಆಮೇಲೆ ಯುರೋಪಿನ ಅನಾಟಮಿ ಮೇಷ್ಟ್ರು ವೆಸಾಲಿಯಸ್ ಮನುಷ್ಯರ ದೇಹವನ್ನೇ ಕೊಯ್ದು ನೋಡಿ, 1543ರಲ್ಲಿ ಚಿತ್ರಗಳ ಸಮೇತ ಪುಸ್ತಕ ತಂದು, ದವಡೆ ಒಂದೇ ಮೂಳೆ ಅಂತ ತೋರಿಸಿದ. 1858ರ ಗ್ರೇ ಅನಾಟಮಿ ಪುಸ್ತಕ ಎಲ್ಲ ಡಾಕ್ಟರಿಗೂ ಗೊತ್ತು. ಅದರ ಚಿತ್ರ ಬರೆದ ಹೆನ್ರಿ ವಾಂಡೈಕ್ ಕಾರ್ಟರ್ ಹೆಸರು ಬಹಳ ಜನಕ್ಕೆ ಗೊತ್ತಿಲ್ಲ, ನನಗೆ ಅದೇ ಬೇಜಾರು. ಆತ ಚಿತ್ರಕಾರನ ಮಗ, ತಾನೂ ಡಾಕ್ಟರು. ಮೂಳೆಯ ಹೆಸರನ್ನು ಮೂಳೆಯ ಚಿತ್ರದ ಮೇಲೆಯೇ ಬರೆದ. ಆಮೇಲೆ ಮುಂಬಯಿಗೆ ಬಂದು ಗ್ರಾಂಟ್ ಮೆಡಿಕಲ್ ಕಾಲೇಜಿನಲ್ಲಿ ಅನಾಟಮಿ ಪಾಠ ಮಾಡಿದ.

ನಮ್ಮ ಕಾಲದ ಮೇಷ್ಟ್ರುಗಳು ಬಣ್ಣದ ಸೀಮೆಸುಣ್ಣದಲ್ಲೇ ಪಾಠ ಮುಗಿಸುತ್ತಿದ್ದರು. ಅಪಧಮನಿಗೆ ಕೆಂಪು, ಅಭಿಧಮನಿಗೆ ನೀಲಿ, ನರಕ್ಕೆ ಹಳದಿ. ಬರೆಯಿಸಿದಾಗಲೇ ಮಕ್ಕಳಿಗೆ ಎಲ್ಲಿ ಅರ್ಥವಾಗಿಲ್ಲ ಅನ್ನುವುದು ಗೊತ್ತಾಗುವುದು. ಪಕ್ಕೆಲುಬನ್ನೇ ತಗೊಳ್ಳಿ. ಬಹಳ ಮಕ್ಕಳು ಅಡ್ಡಡ್ಡ ಗೆರೆ ಎಳೆಯುತ್ತಾರೆ. ನಿಜಕ್ಕೂ ಅವು ಬೆನ್ನಿನಿಂದ ಮುಂದಕ್ಕೆ ಇಳಿಜಾರಾಗಿ ಬರುತ್ತವೆ. ಉಸಿರೆಳೆದಾಗ ಬಕೆಟ್ಟಿನ ಹಿಡಿ ಎತ್ತಿದ ಹಾಗೆ ಮೇಲೇಳುತ್ತವೆ, ಎದೆ ಅಗಲವಾಗುತ್ತದೆ, ಗಾಳಿ ಒಳಗೆ ಬರುತ್ತದೆ. ಗೆರೆ ಅಡ್ಡಕ್ಕಿದ್ದರೆ ಉಸಿರಾಟ ಅರ್ಥವಾಗಿಲ್ಲ ಅಂತಲೇ ಲೆಕ್ಕ.

ನಮ್ಮ ಜಿಲ್ಲೆಯವರಿಗೆ ಇನ್ನೊಂದು ಪಾಠಶಾಲೆ ಹತ್ತಿರದಲ್ಲೇ ಇದೆ. ಬೇಲೂರಿನ ಚೆನ್ನಕೇಶವ ದೇವಸ್ಥಾನ, 1117ರದ್ದು. ಮದನಿಕೆಯರ ಮೈಮೇಲೆ ಸ್ನಾಯುಗಳ ಉಬ್ಬುತಗ್ಗು ಹುಡುಕಬೇಡಿ, ದಾಸೋಜ ಮತ್ತು ಅವನ ಜೊತೆಯ ಶಿಲ್ಪಿಗಳಿಗೆ ಅದು ಬೇಕಿರಲಿಲ್ಲ. ಭಾರ ಯಾವ ಕಾಲಿನ ಮೇಲಿದೆ ಅಂತ ನೋಡಿ. ಆ ಕಡೆಯ ಸೊಂಟ ಮೇಲೆದ್ದಿರುತ್ತದೆ, ಭುಜ ಕೆಳಗೆ ಬಂದಿರುತ್ತದೆ, ಬೆನ್ನು ಮೂರು ಕಡೆ ಬಾಗಿ ಸಮ ಮಾಡಿಕೊಂಡಿರುತ್ತದೆ. ನೀವು ಬಸ್‌ಸ್ಟ್ಯಾಂಡಿನಲ್ಲಿ ಕಾದು ಕಾದು ಸುಸ್ತಾಗಿ ನಿಂತಾಗಲೂ ಮೈ ಹೀಗೇ ಬಾಗುತ್ತದೆ. ಹಳೇಬೀಡಿನಲ್ಲಿ ಭೈರವನ ಪಕ್ಕದ ಬೇತಾಳಗಳನ್ನು ನೋಡಿ: ಎದ್ದು ಕಾಣುವ ಪಕ್ಕೆಲುಬು, ಒಳಗೆ ಹೋದ ಹೊಟ್ಟೆ. ಹಸಿದು ಬಡಕಲಾದ ಮೈಯನ್ನು ಆ ಶಿಲ್ಪಿ ಹತ್ತಿರದಿಂದ ನೋಡಿದ್ದಾನೆ ಅನ್ನುವುದರಲ್ಲಿ ನನಗೆ ಅನುಮಾನವಿಲ್ಲ.

ಚಿತ್ರ ಬರೆಯುವ ಮಕ್ಕಳು ಹೆದರುವುದು ಕೈ ಬರೆಯಲು. ಅವರಿಗೆ ನಾನು ಮೊದಲು ಕೈಯ ಮೂಳೆಗಳನ್ನೇ ಕೊಡುತ್ತೇನೆ, 27 ಇವೆ, ಅದರಲ್ಲಿ 8 ಮಣಿಕಟ್ಟಿನವು. ನಿಮ್ಮ ನಡುಬೆರಳನ್ನು ಅಂಗೈ ಕಡೆಯಿಂದ ನೋಡಿ, ಆಮೇಲೆ ಹಿಂದಿನಿಂದ ನೋಡಿ. ಹಿಂದಿನಿಂದ ಉದ್ದ ಕಾಣುತ್ತದೆ. ಬೆರಳಿನ ಬುಡದ ಗೆಣ್ಣು ಅಂಗೈಯ ಗೆರೆಗಿಂತ ಎಷ್ಟೋ ಹಿಂದಿದೆ. ಇದು ತಿಳಿದ ದಿನದಿಂದ ಅವರ ಕೈಚಿತ್ರ ಬದಲಾಗುತ್ತದೆ.

ಮೇಷ್ಟ್ರುಗಳಲ್ಲಿ ನನ್ನದೊಂದು ಮನವಿ. ಮೊದಲ ವರ್ಷದ ಎಂಬಿಬಿಎಸ್ ಮಕ್ಕಳನ್ನು ಅರ್ಧ ದಿನ ಬೇಲೂರಿಗೆ ಕರೆದುಕೊಂಡು ಹೋಗಿ, ಮೊಬೈಲ್ ಬ್ಯಾಗಿನಲ್ಲಿಡಿಸಿ, ಕೈಗೆ ಪೆನ್ಸಿಲ್ ಕೊಡಿ. ಚಿತ್ರಕಲೆಯ ಮಕ್ಕಳಿಗೆ ನಿಮ್ಮ ಅನಾಟಮಿ ಮ್ಯೂಸಿಯಂ ಬಾಗಿಲು ತೆರೆಯಿರಿ. ನಮಸ್ಕಾರ.